ರಾತ್ರಿಶಾಲೆಯ ಅರೆಕಾಲಿಕ ಗುರು

ಕೃಷ್ಣಾ ನದಿಯ ಎಡದಂಡೆಯ ಸೀಮೆಯಲ್ಲಿರುವ ಕೊಡೇಕಲ್ ಅಕ್ಷರಕ್ಕೆ ಹೊಸದಾದ ಊರಲ್ಲ. ಕಾಲಜ್ಞಾನ ಸಾಹಿತ್ಯಕ್ಕೆ ಹೆಸರಾದ ಕೊಡೇಕಲ್ಲ ಬಸವಣ್ಣನವರ ನೆಲೆ ಅದು. ಅವರ ಪರಂಪರೆಯವರು ತಮ್ಮ ವಚನಗಳನ್ನು ಅಮರಗನ್ನಡವೆಂಬ ಪ್ರತ್ಯೇಕ ಲಿಪಿಯಲ್ಲಿ ಬರೆದು ಕಾಪಾಡಿಕೊಂಡು ಬಂದರು. ಲಿಪಿಯೊಂದನ್ನೇ ರೂಪಿಸಿಕೊಂಡು, ಅದನ್ನು ಗುರುವಿನಿಂದ ಶಿಷ್ಯನಿಗೆ ದಾಟಿಸಿದ ಜನರು ಬಾಳಿದ ಸೀಮೆ ಇದು. ಅದೇ ಸೀಮೆಯ ಜಿಲ್ಲೆಯಾದ ಯಾದಗಿರಿಯಲ್ಲಿ, 2011ರ ಜನಗಣತಿಯಂತೆ, ಸಾಕ್ಷರತೆ ಶೇಕಡಾ 51.83 ಮಾತ್ರ. ಪುರುಷರಲ್ಲಿ ಅದು 62.25, ಸ್ತ್ರೀಯರಲ್ಲಿ 41.38. ಆ ವರ್ಷ ಇಡೀ ಕರ್ನಾಟಕದ ಸರಾಸರಿ 75.36 ಆಗಿತ್ತು. ರಾಜ್ಯದ ಜಿಲ್ಲೆಗಳ ಪೈಕಿ ಯಾದಗಿರಿಯದೇ ಕಡೆಯ ಸ್ಥಾನ. ಏಳು ವರ್ಷ ಮೀರಿದ ನೂರು ಹೆಣ್ಣುಮಕ್ಕಳಲ್ಲಿ ಐವತ್ತೆಂಟು ಜನ ತಮ್ಮ ಹೆಸರಿನ ಮೇಲೆ ಬಂದ ಕಾಗದವನ್ನು ಓದಿಸಿಕೊಳ್ಳಲು ಇನ್ನೊಬ್ಬರ ಮನೆಯ ಬಾಗಿಲಿಗೆ ಹೋಗಬೇಕಾದ ಸ್ಥಿತಿ ಇತ್ತು ಎಂಬುದೇ ಈ ಅಂಕಿಗಳ ಸರಳಾರ್ಥ.

ಈ ಹಿಂದುಳಿಯುವಿಕೆಗೆ ಕಾರಣಗಳನ್ನು ಹೇಳುವವರಿಗೆ ಕೊರತೆಯಿಲ್ಲ. 1948ರ ವರೆಗೆ ಈ ಪ್ರದೇಶ ನಿಜಾಮರ ಆಳ್ವಿಕೆಯಲ್ಲಿತ್ತು; ಆಡಳಿತದ ಭಾಷೆ ಉರ್ದುವಾಗಿತ್ತು; ಕನ್ನಡ ಶಾಲೆಗಳು ವಿರಳವಾಗಿದ್ದವು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕುಟುಂಬ ಕುಟುಂಬವೇ ಗುಳೆ ಹೋಗುವುದು ರೂಢಿಯಾಯಿತು. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಹರಿದು ಹಲವು ಹೊಲಗಳು ಹಸುರಾದ ಮೇಲೆಯೂ, ಭೂಮಿಯಿಲ್ಲದವರ ಪಾಲಿಗೆ ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡದ ಕೆಲಸವೇ ಗತಿಯಾಗಿ ಉಳಿಯಿತು. ಈ ಕಾರಣಗಳೆಲ್ಲವೂ ನಿಜವೇ. ಆದರೆ ಇವುಗಳ ಜೊತೆಗೆ ಹೇಳಬೇಕಾದ, ಸಾಮಾನ್ಯವಾಗಿ ಯಾರೂ ಹೇಳದ ಇನ್ನೊಂದು ಕಾರಣವಿದೆ. ದೊಡ್ಡವರಿಗೆ ಅಕ್ಷರ ಕಲಿಸಲು ನೇಮಕವಾದ ವ್ಯಕ್ತಿಯನ್ನು ಸಮಾಜ ಮತ್ತು ಸರಕಾರಗಳೆರಡೂ ಎಂದೂ ಪೂರ್ಣ ಗುರುವೆಂದು ಪರಿಗಣಿಸಲಿಲ್ಲ. ಆತನನ್ನು ಬೋಧಕನೆಂದು ಕರೆಯಿತು, ಸ್ವಯಂಸೇವಕನೆಂದು ಕರೆಯಿತು, ಪ್ರೇರಕನೆಂದು ಕರೆಯಿತು. ಹೆಸರು ಬದಲಾದಂತೆ ಆತನ ಸ್ಥಾನಮಾನ ಬದಲಾಗಲಿಲ್ಲ. ಆತ ಎಂದಿಗೂ ಅರೆಕಾಲದವನು, ಅರೆಸಂಬಳದವನು, ಹಲವು ವೇಳೆ ಸಂಬಳವೇ ಇಲ್ಲದವನು.

ಕನ್ನಡ ನಾಡಿನಲ್ಲಿ ವಯಸ್ಕರ ಶಿಕ್ಷಣದ ಪ್ರಯತ್ನ ಚಿಕ್ಕದೇನಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ 1940ರ ದಶಕದಲ್ಲಿ ರೂಪುಗೊಂಡ ವಯಸ್ಕರ ಶಿಕ್ಷಣ ಸಮಿತಿಯು ಊರೂರುಗಳಲ್ಲಿ ರಾತ್ರಿಶಾಲೆಗಳನ್ನು ನಡೆಸಿತು; ಹೊಸದಾಗಿ ಓದು ಕಲಿತವರಿಗೆಂದೇ ಪುಸ್ತಿಕೆಗಳನ್ನು ಪ್ರಕಟಿಸಿತು. 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವೊಂದನ್ನು ಆರಂಭಿಸಿತು. ಇದಕ್ಕೆ ಮಾದರಿ ಡೆನ್ಮಾರ್ಕ್ ದೇಶದ ಜಾನಪದ ಪ್ರೌಢಶಾಲೆಗಳು. ಗ್ರುಂಟ್ವಿಗ್ ಎಂಬ ಧರ್ಮೋಪದೇಶಕನ ವಿಚಾರಗಳಿಂದ ಪ್ರೇರಿತವಾಗಿ 1844ರಲ್ಲಿ ಮೊದಲ್ಗೊಂಡ ಆ ಶಾಲೆಗಳಲ್ಲಿ ರೈತರ ಮಕ್ಕಳು ಕೆಲವು ತಿಂಗಳು ತಂಗಿ, ಪರೀಕ್ಷೆಯ ಭಯವಿಲ್ಲದೆ ಕಲಿಯುತ್ತಿದ್ದರು. ಗುರುವು ಅವರೊಡನೆ ಅಲ್ಲಿಯೇ ವಾಸಿಸುತ್ತಿದ್ದನು. ಅದೇ ಅವನ ವೃತ್ತಿಯಾಗಿತ್ತು. ನಂಜನಗೂಡು ಆ ಪದ್ಧತಿಯನ್ನು ಕನ್ನಡ ನೆಲಕ್ಕೆ ತಂದಿತು. ಆದರೆ ನಿಜಾಮರ ಸೀಮೆಯಲ್ಲಿದ್ದ ಕೊಡೇಕಲ್ಲಿನಂತಹ ಊರುಗಳು 1956ರಲ್ಲಿ ಕನ್ನಡ ನಾಡು ಒಂದಾಗುವ ವರೆಗೆ ಈ ಪ್ರಯತ್ನದ ಹೊರಗೇ ಉಳಿದವು. ಮುಂದೆ ದೇಶದಲ್ಲಿ ಹಬ್ಬಿದ್ದು ಪೂರ್ಣಕಾಲದ ಗುರುವಿನ ಪದ್ಧತಿಯಲ್ಲ. ಸಂಜೆ ಒಂದೆರಡು ಗಂಟೆ ಬಂದು ಹೋಗುವವನ ಪದ್ಧತಿ.

1978ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವು ಉದ್ಘಾಟನೆಗೊಂಡಿತು. ಹದಿನೈದರಿಂದ ಮೂವತ್ತೈದು ವಯಸ್ಸಿನ ಹತ್ತು ಕೋಟಿ ಜನರಿಗೆ ಸುಮಾರು ಐದು ವರ್ಷಗಳಲ್ಲಿ ವಿದ್ಯೆ ನೀಡಬೇಕೆಂಬ ಸಂಕಲ್ಪ ಅದರದು. ಅಕ್ಷರಜ್ಞಾನ, ಕಾರ್ಯಸಾಮರ್ಥ್ಯ, ಸಾಮಾಜಿಕ ಅರಿವು ಎಂಬ ಮೂರು ಧ್ಯೇಯಗಳು. ಮೂವತ್ತು ಜನರಿಗೊಂದು ಕೇಂದ್ರ. ಹತ್ತು ತಿಂಗಳ ಅವಧಿ. ಮೂವತ್ತು ಕೇಂದ್ರಗಳಿಗೆ ಒಬ್ಬ ಮೇಲ್ವಿಚಾರಕ. ಈ ಭವ್ಯ ಯೋಜನೆಯ ಭಾರವನ್ನೆಲ್ಲ ಹೊತ್ತವನು ಕೇಂದ್ರದ ಬೋಧಕ. ಅವನಿಗೆ ಗೊತ್ತುಪಡಿಸಿದ ಗೌರವಧನ ತಿಂಗಳಿಗೆ 50 ರೂಪಾಯಿ. ತಿಂಗಳಿಗೆ ಇಪ್ಪತ್ತೈದು ಸಂಜೆಗಳೆಂದರೂ ಸಂಜೆಯೊಂದಕ್ಕೆ ಎರಡು ರೂಪಾಯಿ. 1980ರಲ್ಲಿ ಕೊಠಾರಿ ಸಮಿತಿಯು ಈ ಕಾರ್ಯಕ್ರಮವನ್ನು ಪರಾಮರ್ಶಿಸಿತು. ಸರಕಾರ ಬದಲಾದ ಮೇಲೆ ಮೊದಲಿನ ವೇಗ ಉಳಿಯಲಿಲ್ಲ.

1988ರ ಮೇ ತಿಂಗಳಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. ಕೇರಳದ ಎರ್ನಾಕುಲಂ ಜಿಲ್ಲೆ 1990ರ ಫೆಬ್ರವರಿಯಲ್ಲಿ ಪೂರ್ಣ ಸಾಕ್ಷರವೆಂದು ಘೋಷಿತವಾದ ತರುವಾಯ ಆಂದೋಲನದ ಮಾರ್ಗವೇ ದೇಶಕ್ಕೆ ಮಾದರಿಯಾಯಿತು. ಬೀದಿನಾಟಕ, ಜಾಥಾ, ಹಾಡುಗಳಿಂದ ಊರುಗಳು ಎಚ್ಚರಗೊಂಡವು. ಎಂದೂ ಮನೆಯ ಹೊಸ್ತಿಲು ದಾಟದ ಸ್ತ್ರೀಯರು ಪಾಟಿ ಹಿಡಿದು ಹೊರಬಂದರು. ಆ ಆಂದೋಲನದ ಹಿರಿಮೆಯನ್ನು ಅಲ್ಲಗಳೆಯಲಾಗದು. ಆದರೆ ಅಲ್ಲಿ ಕಲಿಸಿದವರಿಗೆ 50 ರೂಪಾಯಿಯೂ ಇರಲಿಲ್ಲ. ಅವರು ಶುದ್ಧ ಸ್ವಯಂಸೇವಕರು. 2009ರ ಸೆಪ್ಟೆಂಬರ್ 8ರಂದು ‘ಸಾಕ್ಷರ ಭಾರತ’ ಆರಂಭವಾಯಿತು. 2001ರ ಜನಗಣತಿಯಲ್ಲಿ ಸ್ತ್ರೀ ಸಾಕ್ಷರತೆ ಶೇಕಡಾ 50ನ್ನು ಮೀರದ ಜಿಲ್ಲೆಗಳಿಗೆ ಆದ್ಯತೆ ಎಂದಿದ್ದುದರಿಂದ ಅಂದಿನ ಗುಲಬರ್ಗಾ ಜಿಲ್ಲೆಯ ಈ ಭಾಗಕ್ಕೂ ಅದು ಬಂತು. ಪ್ರತಿ ಗ್ರಾಮ ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ. ಅದಕ್ಕೆ ಇಬ್ಬರು ಪ್ರೇರಕರು. ತಿಂಗಳಿಗೆ ತಲಾ 2000 ರೂಪಾಯಿ ಗೌರವಧನ. ಅವರ ಕೈಕೆಳಗೆ ಪಾಠ ಹೇಳುವವರು ಮತ್ತೆ ಸ್ವಯಂಸೇವಕರೇ. 2018ರ ಮಾರ್ಚ್ ಅಂತ್ಯಕ್ಕೆ ಆ ಯೋಜನೆಯೂ ಮುಗಿಯಿತು. 2022ರಿಂದ ನಡೆದಿರುವ ನವಭಾರತ ಸಾಕ್ಷರತಾ ಕಾರ್ಯಕ್ರಮವು ‘ಉಲ್ಲಾಸ್’ ಎಂಬ ಹೆಸರಿನಿಂದ ಪರಿಚಿತವಾಗಿದ್ದು, ಕಲಿಸುವ ಹೊಣೆಯನ್ನು ಪೂರ್ಣವಾಗಿ ಸ್ವಯಂಸೇವೆಗೇ ಒಪ್ಪಿಸಿದೆ.

ಇಲ್ಲೊಂದು ಸಣ್ಣ ಲೆಕ್ಕವನ್ನು ಗಮನಿಸಬೇಕು. 2017–18ನೆಯ ಸಾಲಿನಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 236 ರೂಪಾಯಿ ಇತ್ತು. ಕೆರೆಯ ಹೂಳೆತ್ತುವ ಕೂಲಿಯಾಳು ಒಂಬತ್ತು ದಿನಗಳಲ್ಲಿ ಗಳಿಸುತ್ತಿದ್ದುದು ಪ್ರೇರಕನ ಇಡೀ ತಿಂಗಳ ಗೌರವಧನಕ್ಕಿಂತ ಹೆಚ್ಚು. ಕೂಲಿಯಾಳಿನ ಬೆವರಿನ ಬೆಲೆ ಹೆಚ್ಚಾಯಿತೆಂದು ಇದರ ಅರ್ಥವಲ್ಲ, ಅದು ಅತ್ಯಲ್ಪವೇ. ಆ ಅತ್ಯಲ್ಪದ ಅರ್ಧದಷ್ಟೂ ಅಕ್ಷರ ಕಲಿಸುವವನಿಗೆ ದೊರೆಯಲಿಲ್ಲವೆಂಬುದು ವಿಚಾರಣೀಯ ಸಂಗತಿ. ಆ ಹಣಕ್ಕೆ ‘ಗೌರವಧನ’ ಎಂಬ ಹೆಸರಿಟ್ಟದ್ದೂ ಅರ್ಥಪೂರ್ಣವೇ: ಸಂಬಳವೆಂದರೆ ಅದಕ್ಕೆ ಕಾಯಿದೆಯ ಕನಿಷ್ಠ ಮಿತಿಯನ್ನು ಕೇಳಬಹುದು, ಗೌರವಕ್ಕೆ ಅಂಥ ಮಿತಿಯಿಲ್ಲ.

ಹೀಗಿದ್ದರೂ ಅರೆಕಾಲದ ಕೆಲಸವೆಂದಾದ ಮೇಲೆ ಅರೆಸಂಬಳ ಸಹಜವಲ್ಲವೇ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಆ ಕೆಲಸದ ಸ್ವರೂಪವನ್ನು ಸಮೀಪದಿಂದ ನೋಡಬೇಕು.

ಮಕ್ಕಳಿಗೆ ಕಲಿಸುವುದಕ್ಕಿಂತ ದೊಡ್ಡವರಿಗೆ ಕಲಿಸುವುದು ಸುಲಭವೆಂಬ ಭಾವನೆ ಬಹುಜನರಲ್ಲಿದೆ. ವಾಸ್ತವ ಸ್ಥಿತಿ ಇದಕ್ಕೆ ವಿರುದ್ಧ. ಮಗುವು ಶಾಲೆಗೆ ತಾನಾಗಿ ಬರುತ್ತದೆ, ಇಲ್ಲವೆ ತಂದೆತಾಯಿಗಳು ಕಳಿಸುತ್ತಾರೆ. ದೊಡ್ಡವರ ಶಾಲೆಯಲ್ಲಿ ಗುರುವೇ ಮನೆ ಮನೆಗೆ ಹೋಗಿ ಕರೆತರಬೇಕು. ಕೊಡೇಕಲ್ ಸೀಮೆಯ ಯಾವ ಓಣಿಗೆ ಹೋದರೂ ಮೊದಲು ಕೇಳಿಬರುವ ಮಾತು ಒಂದೇ: “ಈ ವಯಸ್ಸಿನಾಗ ನಮಗ್ಯಾಕ್ರಿ ಅಕ್ಕೋರೆ ಅಕ್ಷರ? ಮಕ್ಕಳು ಕಲತ್ರ ಸಾಕು.” ಆ ಮಾತಿನ ಹಿಂದೆ ಉದಾಸೀನಕ್ಕಿಂತ ನಾಚಿಕೆಯೇ ಹೆಚ್ಚು. ಸೊಸೆಯ ಎದುರು ತಪ್ಪು ಬರೆಯಬೇಕಾದೀತೆಂಬ ಅಳುಕು, ನಾಲ್ಕು ಜನರ ಮುಂದೆ ಪಾಟಿ ಹಿಡಿಯುವ ಸಂಕೋಚ, ಇವನ್ನು ಕಳೆದ ಮೇಲೆಯೇ ಮೊದಲ ಅಕ್ಷರ. ಇದಕ್ಕೆ ವಾರಗಳೇ ಹಿಡಿಯುತ್ತವೆ; ಯಾವ ಹಾಜರಿ ಪುಸ್ತಕದಲ್ಲಿಯೂ ಈ ವಾರಗಳ ದುಡಿಮೆ ದಾಖಲಾಗುವುದಿಲ್ಲ.

ಮುಂದಿನ ತೊಡಕು ದೇಹದ್ದು. ಕುಡುಗೋಲು, ಸಲಿಕೆಗಳನ್ನು ಹಿಡಿದು ಬಿರುಸಾದ ಬೆರಳುಗಳು ಬಳಪವನ್ನು ಒತ್ತಿ ಮುರಿಯುತ್ತವೆ. ನಲವತ್ತು ದಾಟಿದವರಿಗೆ ಚಾಳೀಸು ಬಂದಿರುತ್ತದೆ. ದೂರದ ಎತ್ತನ್ನು ಗುರುತಿಸುವ ಕಣ್ಣಿಗೆ ಕೈಯಲ್ಲಿರುವ ಪುಸ್ತಕದ ಸಾಲು ಮಸುಕು. ಇದನ್ನರಿಯದ ಬೋಧಕ ಆಕೆಯನ್ನು ಮಂದಬುದ್ಧಿಯವಳೆಂದು ಭಾವಿಸುತ್ತಾನೆ. ಅರಿತವನು ಅಕ್ಷರಗಳನ್ನು ದಪ್ಪವಾಗಿ ಬರೆದು, ಕನ್ನಡಕಕ್ಕೆ ಏರ್ಪಾಡು ಮಾಡುತ್ತಾನೆ. ಇಂಥ ಅರಿವು ಕೆಲವೇ ದಿನಗಳ ತರಬೇತಿಯಿಂದ ಬರುವಂಥದಲ್ಲ; ಹಲವು ವರ್ಷಗಳ ಅನುಭವದಿಂದ ಬರುವಂಥದು.

ಇನ್ನು ಕನ್ನಡ ಲಿಪಿಯ ಸ್ವಭಾವ. ಮೂಲಾಕ್ಷರ, ಕಾಗುಣಿತ, ಆಮೇಲೆ ಒತ್ತಕ್ಷರ, ಇದು ಕಲಿಕೆಯ ರೂಢಿಯ ಕ್ರಮ. ಮೊದಲ ಎರಡು ಹಂತಗಳನ್ನು ದಾಟುವಷ್ಟರಲ್ಲಿ ಸುಗ್ಗಿ ಬರುತ್ತದೆ, ಗುಳೆ ಆರಂಭವಾಗುತ್ತದೆ, ಇಲ್ಲವೆ ಯೋಜನೆಯ ಅವಧಿಯೇ ಮುಗಿಯುತ್ತದೆ. ಒತ್ತಕ್ಷರ ಉಳಿದುಹೋಗುತ್ತದೆ. ಅವ್ವ, ಅಪ್ಪ, ಅಕ್ಕಿ, ಹತ್ತಿ, ರೊಕ್ಕ, ಹಕ್ಕು, ಒಪ್ಪಿಗೆ, ಬಡ್ಡಿ, ಬ್ಯಾಂಕು, ಇವೆಲ್ಲವೂ ಒತ್ತಕ್ಷರದ ಪದಗಳೇ. ಕೂಲಿಕಾರಳಾದ ಸ್ತ್ರೀಗೆ ದಿನನಿತ್ಯ ಬೇಕಾದ ಮಾತುಗಳು ಇವೇ. ಆ ಹಂತಕ್ಕೆ ಮುನ್ನ ಪಾಠ ನಿಂತುಹೋದರೆ ಆಕೆ ತನ್ನ ಹೆಸರನ್ನು ಬರೆಯಬಲ್ಲಳು, ಆದರೆ ಸಾಲದ ಕಾಗದದಲ್ಲಿ ಬಡ್ಡಿ ಎಂಬ ಪದ ಎಲ್ಲಿದೆಯೆಂದು ಕಾಣಲಾರಳು. ಹೆಬ್ಬೆಟ್ಟು ಒತ್ತುತ್ತಿದ್ದಾಗ ಆಕೆ “ಓದಿ ಹೇಳ್ರಿ” ಎಂದು ಕೇಳುತ್ತಿದ್ದಳು; ಸಹಿ ಬಂದ ಮೇಲೆ ಕೇಳಲು ಸಂಕೋಚಪಡುತ್ತಾಳೆ. ಅರ್ಧ ಕಲಿಸಿ ಬಿಟ್ಟ ವಿದ್ಯೆ ಕೆಲವು ಸಂದರ್ಭಗಳಲ್ಲಿ ಕಲಿಸದೇ ಇದ್ದುದಕ್ಕಿಂತ ಅಪಾಯಕಾರಿ. ವಯಸ್ಕರ ಶಿಕ್ಷಣದ ಅಂಕಿ-ಅಂಶಗಳಲ್ಲಿ ಇಂಥವಳನ್ನು ಸಾಕ್ಷರಳೆಂದು ಸೇರಿಸಿ ಕಡತ ಮುಚ್ಚುವುದಕ್ಕೆ ಅಡ್ಡಿಯಿಲ್ಲ. ಆಕೆಯ ಬಾಳಿನಲ್ಲಿ ಮಾತ್ರ ಆ ಕಡತ ತೆರೆದೇ ಇರುತ್ತದೆ.

ಇಷ್ಟೆಲ್ಲವನ್ನೂ ಬಲ್ಲ ವ್ಯಕ್ತಿ ಒಂದೆರಡು ಊರುಗಳಲ್ಲಿ ಪ್ರತಿ ಯೋಜನೆಯ ಕಾಲಕ್ಕೂ ಸಿದ್ಧಗೊಂಡಿರಲೇಬೇಕು. ಆದರೆ ಯೋಜನೆ ಮುಗಿದ ದಿನ ಆತನೂ ಮುಗಿದ. ಗೌರವಧನ ನಿಂತ ಮೇಲೆ ಆತ ಅಂಗಡಿಗೋ ಹೊಲಕ್ಕೋ ನಗರಕ್ಕೋ ಹೋದ. ಹತ್ತು ವರ್ಷಗಳ ತರುವಾಯ ಹೊಸ ಹೆಸರಿನ ಯೋಜನೆ ಬಂದಾಗ ಹೊಸಬರನ್ನು ಹುಡುಕಿ, ಹೊಸದಾಗಿ ತರಬೇತಿ ನೀಡಿ, ಹಳೆಯ ತಪ್ಪುಗಳನ್ನೇ ಮೊದಲಿನಿಂದ ಮಾಡಿಸಲಾಯಿತು. ಪ್ರಾಥಮಿಕ ಶಾಲೆಯ ಶಿಕ್ಷಕರನ್ನು ಪ್ರತಿ ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸಿ ಹೊಸಬರನ್ನು ಕರೆದರೆ ಆ ಶಾಲೆಯ ಗತಿ ಏನಾದೀತು ಎಂಬುದನ್ನು ಯಾರೂ ಊಹಿಸಬಲ್ಲರು. ದೊಡ್ಡವರ ಶಾಲೆಗೆ ಆದುದು ಇದೇ ಗತಿ.

ಈ ಸಮಸ್ಯೆ ಕೊಡೇಕಲ್ಲಿಗೆ ಅಥವಾ ಭಾರತಕ್ಕೆ ಮಾತ್ರ ಸೀಮಿತವಾದುದಲ್ಲ. ಅಮೆರಿಕದಲ್ಲಿ 1901ರಲ್ಲಿ ಜೋಲಿಯೆಟ್ ನಗರದಲ್ಲಿ ಆರಂಭವಾದ ಕಾಲೇಜಿನಿಂದ ಮೊದಲ್ಗೊಂಡು ಬೆಳೆದ ಸಮುದಾಯ ಕಾಲೇಜುಗಳು ದುಡಿಯುವ ಜನರಿಗೆ, ವಲಸೆ ಬಂದವರಿಗೆ, ತಡವಾಗಿ ಓದಲು ಬಂದವರಿಗೆ ಬಾಗಿಲು ತೆರೆದ ಶ್ರೇಷ್ಠ ಸಂಸ್ಥೆಗಳು. ಅಲ್ಲಿಯೂ ಬೋಧಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅರೆಕಾಲದವರು. ಮುಂದಿನ ಅವಧಿಗೆ ಕೆಲಸ ಉಂಟೋ ಇಲ್ಲವೋ ಎಂಬ ಚಿಂತೆಯಲ್ಲಿ ಪಾಠ ಹೇಳುವವರು. ಬಡವರ ವಿದ್ಯೆಗೆ ಅರೆಕಾಲದ ಗುರು ಸಾಕೆಂಬ ತಿಳಿವಳಿಕೆ ಸಿರಿವಂತ ದೇಶಗಳಲ್ಲಿಯೂ ಬೇರೂರಿದೆ ಎಂದಾಯಿತು. ಭಾರತದಲ್ಲಿ 1995ರಲ್ಲಿ ಪುದುಚೇರಿಯಲ್ಲಿ ಮೊದಲ ಸಮುದಾಯ ಕಾಲೇಜು ಆರಂಭವಾದ ಮೇಲೆ ಅಂಥ ಕಾಲೇಜುಗಳನ್ನು ಹರಡುವ ಮಾತು ಆಗಾಗ ಕೇಳಿಬರುತ್ತದೆ. ಅವು ಬರುವುದಾದರೆ ಕಟ್ಟಡಕ್ಕಿಂತ ಮೊದಲು ಬೋಧಕನ ಸ್ಥಿತಿಯನ್ನು ಇತ್ಯರ್ಥಪಡಿಸುವುದು ಲೇಸು.

ಇದಕ್ಕೆ ಪ್ರತಿಯಾಗಿ ಎರಡು ಆಕ್ಷೇಪಗಳನ್ನು ಸಾಮಾನ್ಯವಾಗಿ ಮುಂದಿಡಲಾಗುತ್ತದೆ. ಈಗ ಮಕ್ಕಳೆಲ್ಲ ಶಾಲೆಗೆ ಹೋಗುತ್ತಿರುವುದರಿಂದ ನಿರಕ್ಷರತೆ ಕಾಲಕ್ರಮದಲ್ಲಿ ತಾನಾಗಿ ಅಳಿಯುವುದೆಂಬುದು ಒಂದು. ಹೀಗೆ ಹೇಳುವವರು, ಇಂದಿನ ಮೂವತ್ತೈದು ವರ್ಷದ ನಿರಕ್ಷರ ತಾಯಿ ಇನ್ನೂ ಮೂವತ್ತು ನಲವತ್ತು ವರ್ಷ ಬಾಳಬೇಕಾದವಳೆಂಬುದನ್ನು ಮರೆಯುತ್ತಾರೆ. ಆಕೆ ಸಾಯುವುದನ್ನೇ ಪರಿಹಾರವೆಂದು ಪರೋಕ್ಷವಾಗಿ ಒಪ್ಪುತ್ತಾರೆ. ಅಲ್ಲದೆ ತಂದೆತಾಯಿಗಳೊಡನೆ ಗುಳೆ ಹೋದ ಮಗುವಿನ ಹೆಸರು ಶಾಲೆಯ ಪಟ್ಟಿಯಲ್ಲಿದ್ದರೂ ಮಗು ತರಗತಿಯಲ್ಲಿರುವುದಿಲ್ಲ. ನಾಳಿನ ರಾತ್ರಿಶಾಲೆಯ ವಿದ್ಯಾರ್ಥಿ ಅಲ್ಲಿಯೇ ಸಿದ್ಧನಾಗುತ್ತಿರುತ್ತಾನೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ವಿದ್ಯಾದಾನ ಮಹಾದಾನ, ಅದಕ್ಕೆ ಬೆಲೆ ಕಟ್ಟಿದರೆ ಸೇವಾಭಾವ ಕುಂದುತ್ತದೆ ಎಂಬುದು ಅದು. ಸೇವಾಭಾವದಿಂದ ಕಲಿಸಿದ ಸಾವಿರಾರು ಜನರ ಮುಂದೆ ಯಾರೂ ತಲೆಬಾಗಲೇಬೇಕು. ಆದರೆ ಶರಣರು ಬೋಧಿಸಿದ ಕಾಯಕತತ್ತ್ವ ಈ ಆಕ್ಷೇಪವನ್ನು ಸಮರ್ಥಿಸುವುದಿಲ್ಲ. ಕೊಡೇಕಲ್ಲಿನಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ಲಿಂಗಸುಗೂರು ಸೀಮೆಯ ಅಮರೇಶ್ವರವು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಊರೆಂದು ಪ್ರತೀತಿ. ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಪತಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದ ಕಥೆ ಎಲ್ಲರಿಗೂ ತಿಳಿದುದೇ. ಆ ಕಥೆಯ ನೀತಿ ದುಡಿಯುವವನಿಗೆ ಅತಿಯಾಸೆ ಸಲ್ಲದೆಂಬುದು. ದುಡಿಸಿಕೊಳ್ಳುವವನು ದುಡಿದವನ ಪಾಲನ್ನು ತಡೆಹಿಡಿಯಬಹುದೆಂದು ಅದರಿಂದ ಯಾರೂ ಅರ್ಥ ಮಾಡಿಕೊಳ್ಳಬಾರದು. ಕಾಯಕವೂ ದಾಸೋಹವೂ ಬೇರೆ ಬೇರೆ. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸುವುದು ಶರಣರ ಕ್ರಮ. ಕಾಯಕಕ್ಕೆ ಏನೂ ಬಾರದಿದ್ದಲ್ಲಿ ದಾಸೋಹಕ್ಕೆ ಸಲ್ಲಿಸುವುದಾದರೂ ಏನನ್ನು? ತ್ಯಾಗ ಮಾಡುವ ಅಧಿಕಾರ ತ್ಯಾಗಿಗೆ ಸೇರಿದ್ದು. ಅದನ್ನು ಆತನ ಪರವಾಗಿ ಸರಕಾರವಾಗಲಿ ಸಂಸ್ಥೆಯಾಗಲಿ ಮಾಡಿಬಿಡುವುದು ನ್ಯಾಯವಲ್ಲ.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ನಿರಕ್ಷರತೆ ಹೆಚ್ಚಾಗಿರುವ ಸುರಪುರ, ಹುಣಸಗಿ, ಶಹಾಪುರದಂಥ ತಾಲ್ಲೂಕುಗಳಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬರಾದರೂ ಕಾಯಂ ವಯಸ್ಕ ಶಿಕ್ಷಕರು ಬೇಕು. ಸ್ತ್ರೀಯರ ಸಂಖ್ಯೆಯನ್ನು ನೋಡಿದರೆ ಅವರು ಶಿಕ್ಷಕಿಯರಾಗಿರುವುದು ಉಚಿತ. ಇಂದು ‘ಅರಿವು ಕೇಂದ್ರ’ವೆಂದು ಕರೆಯಲಾಗುವ ಪಂಚಾಯಿತಿ ಗ್ರಂಥಾಲಯವೇ ಅವರ ಸ್ಥಳವಾಗಬಹುದು, ಕಲಿತುದು ಮರೆಯದಂತೆ ಓದುವ ಪುಸ್ತಕಗಳೂ ಅಲ್ಲಿಯೇ ದೊರೆಯುತ್ತವೆ. ಸ್ವಯಂಸೇವಕರು ಇರಲಿ, ಆದರೆ ಅವರು ಈ ಶಿಕ್ಷಕಿಯ ಕೈನೆರವಾಗಿರಲಿ, ಅವರೇ ಶಾಲೆಯ ಆಧಾರಸ್ತಂಭವಾಗುವುದು ಬೇಡ. ಎರಡನೆಯದಾಗಿ, ಪಾಠದ ವರ್ಷವು ಸರಕಾರದ ಲೆಕ್ಕದ ವರ್ಷವನ್ನು ಅನುಸರಿಸದೆ ಹೊಲದ ವರ್ಷವನ್ನು ಅನುಸರಿಸಬೇಕು. ಬಿತ್ತನೆ ಮತ್ತು ಹತ್ತಿ ಬಿಡಿಸುವ ದಿನಗಳಲ್ಲಿ ಬಿಡುವು, ಉಳಿದ ದಿನಗಳಲ್ಲಿ ಎಡೆಬಿಡದ ಪಾಠ, ಗುಳೆಯಿಂದ ಮರಳಿದವರಿಗೆ ನಿಂತಲ್ಲಿಂದ ಮುಂದುವರಿಕೆ ಎಂಬ ಕ್ರಮ ಸಾಧ್ಯವಾಗುವುದು ಊರಿನಲ್ಲಿಯೇ ಇರುವ ಕಾಯಂ ಗುರುವಿನಿಂದ ಮಾತ್ರ. ಮೂರನೆಯದಾಗಿ, ಸಹಿ ಬಂದವರನ್ನು ಸಾಕ್ಷರರೆಂದು ಎಣಿಸುವ ಅವಸರ ನಿಲ್ಲಬೇಕು; ಸಾಲದ ಕಾಗದವನ್ನು ಓದಿ ಅರ್ಥ ಹೇಳುವಂತಾದಾಗ ಮಾತ್ರ ಕಲಿಕೆ ಮುಗಿಯಿತೆನ್ನಬೇಕು.

ಇದರಲ್ಲಿ ಮಠಗಳ ಮತ್ತು ಅವುಗಳ ಶಾಲೆಗಳ ಪಾತ್ರವೂ ಇದೆ. ಸರಕಾರದ ಶಾಲೆಗಳಿಲ್ಲದ ಕಾಲದಲ್ಲಿ ಈ ನಾಡಿನ ಮಠಗಳು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದವು. ಆ ಮಕ್ಕಳನ್ನು ಕಳಿಸಿದ ತಾಯಂದಿರು ಮಾತ್ರ ಹೊರಗೆ ನಿಂತರು. ಸಂಜೆ ಐದರ ಗಂಟೆ ಬಾರಿಸಿದ ಮೇಲೆ ಶಾಲೆಯ ಕೋಣೆಗಳು ಬೀಗ ಹಾಕಿಕೊಂಡು ಕತ್ತಲಲ್ಲಿರುತ್ತವೆ. ಒಂದು ಕೋಣೆ, ಒಂದು ದೀಪ, ತಿಂಗಳ ಕೊನೆಗೆ ತಪ್ಪದೆ ಸಂಬಳ ಪಡೆಯುವ ಒಬ್ಬ ಶಿಕ್ಷಕಿ, ಇಷ್ಟಕ್ಕೆ ತಗಲುವ ವೆಚ್ಚ ಒಂದು ಜಾತ್ರೆಯ ಮಂಟಪದ ವೆಚ್ಚವನ್ನು ಮೀರದು. ಬಸವಾದಿ ಶರಣರ ಅನುಭವ ಮಂಟಪದಲ್ಲಿ ಕುಳಿತವರಲ್ಲಿ ದುಡಿಯುವ ಸ್ತ್ರೀಪುರುಷರೂ ಇದ್ದರೆಂಬುದನ್ನು ನೆನೆದರೆ, ದೊಡ್ಡವರ ಶಾಲೆಯು ಮಠದ ಶಾಲೆಗೆ ಪರಕೀಯವಾದುದೆಂದು ಯಾರೂ ಹೇಳಲಾರರು.

ಕೊಡೇಕಲ್ಲಿನ ಹಳೆಯ ಹಸ್ತಪ್ರತಿಗಳು ಇಂದಿಗೂ ಉಳಿದಿವೆಯೆಂದರೆ, ಆ ಲಿಪಿಯನ್ನು ಬಲ್ಲ ಗುರುವೊಬ್ಬ ಪ್ರತಿ ತಲೆಮಾರಿನಲ್ಲಿಯೂ ಇದ್ದನೆಂದೂ ಆತನನ್ನು ಸಾಕಿದ ಸಮುದಾಯವೊಂದು ಇತ್ತೆಂದೂ ಅರ್ಥ. ಗುಪ್ತವಾದ ಲಿಪಿಗೇ ಇಷ್ಟು ಕಾಲ ಗುರು ದೊರೆತ ಊರಿನಲ್ಲಿ, ಎಲ್ಲರ ಬಳಕೆಯ ಕನ್ನಡ ಲಿಪಿಗೆ ಒಬ್ಬ ಕಾಯಂ ಗುರುವನ್ನು ಇರಿಸಿಕೊಳ್ಳುವುದು ಅಸಾಧ್ಯವಾಗಬಾರದು. ಕಲಿಯಲು ಬರುವ ತಾಯಿ ದಿನದ ದುಡಿಮೆ ಮುಗಿಸಿ, ನಿದ್ದೆಯ ಪಾಲನ್ನು ಕಡಿದುಕೊಂಡು ಬರುತ್ತಾಳೆ. ಆಕೆಯ ಎದುರಿಗೆ ಕೂಡುವ ಗುರುವೂ ಅರೆಮನಸ್ಸಿನವನಾಗದಂತೆ ನೋಡಿಕೊಳ್ಳುವುದು ಊರಿನ, ಸಂಸ್ಥೆಗಳ ಮತ್ತು ಸರಕಾರದ ಕೂಡುಹೊಣೆ.